ಇಂಗ್ಲಿಷ್ ಬರುವ ಬಗೆ

ಕನ್ನಡದಲ್ಲಿ ಇಂಗ್ಲಿಷನ್ನು ಯಾರೂ ಬಲ್ಲೆವೆಂದು ಹೇಳಿಕೊಳ್ಳುವುದು ಕಡಮೆ. ಅದು ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಈಜು ಬರುತ್ತದೆ, ಅಳು ಬರುತ್ತದೆ, ನೆಗಡಿ ಬರುತ್ತದೆ, ಇಂಗ್ಲಿಷೂ ಹಾಗೆಯೇ. ಹಾಸನದ ಬಸ್ ನಿಲ್ದಾಣದಿಂದ ಹೊರಬಿದ್ದು ಯಾವ ರಸ್ತೆ ಹಿಡಿದರೂ ಅದು ಮೂವತ್ತು ದಿನಗಳಲ್ಲಿ ಬಂದುಬಿಡುವುದೆಂದು ಭರವಸೆ ಕೊಡುವ ಹಲಗೆಯೊಂದು ಎದುರಾಗುತ್ತದೆ. ಮೂವತ್ತು ದಿನಗಳಲ್ಲಿ ಬರುವಂಥದು ಹತ್ತು ಹನ್ನೆರಡು ವರ್ಷ ಶಾಲೆಯಲ್ಲಿ ಕಾದು ಕುಳಿತವರಿಗೆ ಏಕೆ ಬರಲಿಲ್ಲ ಎಂಬುದನ್ನು ಆ ಹಲಗೆಯವರು ಹೇಳುವುದಿಲ್ಲ. ಅದನ್ನು ಕೇಳುವ ಹಕ್ಕು ನಮಗೆ ಇದೆ.

ಕನ್ನಡ ಮೇಷ್ಟರಿಗೆ ಇಂಗ್ಲಿಷಿನ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಇಂಗ್ಲಿಷ್ ಬಾರದವರ ಲೆಕ್ಕ ನಮಗೆ ಸಿಕ್ಕುವಂತೆ ಇಂಗ್ಲಿಷ್ ಅಧ್ಯಾಪಕರಿಗೆ ಸಿಕ್ಕುವುದಿಲ್ಲ ಎಂಬುದೇ ಉತ್ತರ. ಅವರ ತರಗತಿಯಲ್ಲಿ ತಲೆ ತಗ್ಗಿಸಿ ಮೂಕರಾಗಿ ಕೂತ ಹುಡುಗರೇ ನಮ್ಮ ತರಗತಿಗೆ ಬಂದು ಬಾಯಿ ಬಿಡುತ್ತಾರೆ. ಹೊಳೆನರಸೀಪುರದ, ಅರಕಲಗೂಡಿನ, ಚನ್ನರಾಯಪಟ್ಟಣದ ಹೋಬಳಿಗಳಿಂದ ಬಂದ ಈ ಮಕ್ಕಳು ದಡ್ಡರಲ್ಲ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದು ಪಿ.ಯು. ವಿಜ್ಞಾನಕ್ಕೆ ಸೇರಿ, ಪಾಠವೂ ಪುಸ್ತಕವೂ ಇಂಗ್ಲಿಷಾದ ಆರೇ ತಿಂಗಳಲ್ಲಿ ಮಂಕಾದವರು ಇವರಲ್ಲಿ ಎಷ್ಟೋ ಮಂದಿ. 'ದ್ಯುತಿಸಂಶ್ಲೇಷಣೆ' ಎಂಬ ಗಂಟಲಲ್ಲಿ ಸಿಕ್ಕುವ ಮಾತನ್ನು ಅರಗಿಸಿಕೊಂಡ ಹುಡುಗಿಗೆ ಅದರ ಇಂಗ್ಲಿಷ್ ಹೆಸರು ಕಷ್ಟವಾಗಬೇಕಾದ ಕಾರಣವಿಲ್ಲ. ಅವಳನ್ನು ಕೆಡಹುವುದು ಶಬ್ದವಲ್ಲ, ವಾಕ್ಯ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ವಾಕ್ಯದ ವಿಷಯ.

ಇಂಗ್ಲಿಷ್ ಕಲಿಸುವ ಪದ್ಧತಿಗಳು ನಮ್ಮ ದೇಶಕ್ಕೆ ಕಾವ್ಯದ ಪಂಥಗಳಂತೆ ಒಂದರ ಹಿಂದೆ ಒಂದು ಬಂದಿವೆ. ಪ್ರತಿಯೊಂದೂ ಹಿಂದಿನದನ್ನು ಹಳಿಯುತ್ತ ಬಂತು, ಪ್ರತಿಯೊಂದೂ ಹಿಂದಿನದರ ಒಂದು ಚಟವನ್ನು ಗೊತ್ತಿಲ್ಲದೆಯೇ ಉಳಿಸಿಕೊಂಡಿತು. ಮೊದಲನೆಯದು ವ್ಯಾಕರಣ ಮತ್ತು ಭಾಷಾಂತರದ ಪದ್ಧತಿ. ಇದನ್ನು ಬಯ್ಯದ ಶಿಕ್ಷಣತಜ್ಞರಿಲ್ಲ. ಆದರೆ ಈ ಹೆಸರಿನಲ್ಲಿ ನಮ್ಮ ಶಾಲೆಗಳಲ್ಲಿ ನಡೆದದ್ದು ಭಾಷಾಂತರವೇ ಅಲ್ಲ. ನಡೆದದ್ದು 'ಅರ್ಥ ಬರೆಸುವುದು'. ಹಲಗೆಯ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಪದ, ನಡುವೆ ಒಂದು ಗೀಟು. 'ಟೇಕ್' ಎಂದರೆ ತೆಗೆದುಕೊ ಎಂದು ಬರೆದುಕೊಂಡ ಹುಡುಗ 'ಟೇಕ್ ಎ ಬಾತ್' ಎಂಬುದನ್ನು ಕಂಡಾಗ ಸ್ನಾನವನ್ನು ಎಲ್ಲಿಂದ ತೆಗೆದುಕೊಳ್ಳಬೇಕೆಂದು ಯೋಚಿಸುತ್ತಾನೆ. 'ಟೇಕ್ ಕೇರ್' ಎಂದಾಗ ಯೋಚನೆಯನ್ನೂ ಬಿಡುತ್ತಾನೆ. ಭಾಷಾಂತರವೆಂದರೆ ಒಂದು ಪೂರ್ಣ ಮಾತನ್ನು ಇನ್ನೊಂದು ಭಾಷೆಯಲ್ಲಿ ಹೊಸದಾಗಿ ಕಟ್ಟುವ ಕೆಲಸ. ಅದನ್ನು ಮಾಡಿಸಿದ್ದರೆ ಈ ಪದ್ಧತಿಗೆ ಇಷ್ಟು ಕೆಟ್ಟ ಹೆಸರು ಬರುತ್ತಿರಲಿಲ್ಲವೆಂದು ನನ್ನ ಎಣಿಕೆ.

ಇದಕ್ಕೆ ಎದುರಾಗಿ ಬಂದದ್ದು ನೇರ ಪದ್ಧತಿ. ತಾಯ್ನುಡಿ ತರಗತಿಯ ಹೊಸಲು ದಾಟಬಾರದು, ವಸ್ತುವನ್ನು ತೋರಿಸು, ಕ್ರಿಯೆಯನ್ನು ಮಾಡಿ ತೋರಿಸು, ಇಂಗ್ಲಿಷಿನಲ್ಲೇ ಹೇಳು—ಇದು ಅದರ ಶಾಸನ. ಭಾರತದಲ್ಲಿ ಇದನ್ನು ಬಲವಾಗಿ ಸಾರಿದವರಲ್ಲಿ ಒಬ್ಬರು ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿದ್ದ ಪಿ. ಸಿ. ರೆನ್. ವಾಚಕರಿಗೆ ಈ ಹೆಸರು ಹೊಸದಲ್ಲ. 'ರೆನ್ ಅಂಡ್ ಮಾರ್ಟಿನ್' ಎಂಬ ದಪ್ಪ ವ್ಯಾಕರಣದ ಪುಸ್ತಕದ ರೆನ್ ಇವರೇ. ವ್ಯಾಕರಣ ಬಿಟ್ಟು ಮಾತು ಕಲಿಸಿರೆಂದು ಬೋಧಿಸಿದ ಮಹನೀಯರ ಹೆಸರೇ ನಮ್ಮಲ್ಲಿ ವ್ಯಾಕರಣಕ್ಕೆ ಪರ್ಯಾಯನಾಮವಾದದ್ದು ವಿಧಿಯ ವಿನೋದ. ನೇರ ಪದ್ಧತಿಯಲ್ಲಿ ಪೆನ್ನು, ಮೇಜು, ಕಿಟಕಿಗಳವರೆಗೆ ಪ್ರಯಾಣ ಸುಖಕರವಾಗಿರುತ್ತದೆ. 'ಆದರೂ', 'ಒಂದು ವೇಳೆ', 'ಹಾಗಿದ್ದರೆ' ಎಂಬ ಊರುಗಳು ಬಂದಾಗ ಬೆರಳು ತೋರಿಸಲು ಅಲ್ಲಿ ಏನೂ ಇರುವುದಿಲ್ಲ. ಆಗ ಉಪಾಧ್ಯಾಯರು ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ ಕನ್ನಡದಲ್ಲಿ ಹೇಳಿಬಿಡುತ್ತಾರೆ. ಕನ್ನಡವನ್ನು ಕದ್ದು ಆಡಬೇಕಾದ ಈ ಸ್ಥಿತಿಯೇ ನೇರ ಪದ್ಧತಿ ನಮಗೆ ಬಿಟ್ಟುಹೋದ ಆಸ್ತಿ. ಪದ್ಧತಿ ಹೋಯಿತು, ಕಳ್ಳತನದ ಭಾವ ಇಂದಿಗೂ ಉಳಿದಿದೆ.

ಢಾಕಾದಲ್ಲಿ ಉಪಾಧ್ಯಾಯರ ತರಬೇತಿ ಕಾಲೇಜಿನಲ್ಲಿದ್ದ ಮೈಕೇಲ್ ವೆಸ್ಟ್ ಬೇರೆ ರೀತಿಯ ಮನುಷ್ಯ. ಬಂಗಾಳದ ಮಕ್ಕಳ ದ್ವಿಭಾಷಾ ಸ್ಥಿತಿಯನ್ನು ಕುರಿತು ಅವರು 1926ರಲ್ಲಿ ಬರೆದ ಪುಸ್ತಕದಲ್ಲಿ ಒಂದು ವ್ಯಾವಹಾರಿಕ ಪ್ರಶ್ನೆ ಇದೆ. ವಿಮೆಯ ಪಾಲಿಸಿಯನ್ನು ಅರ್ಧದಲ್ಲಿ ನಿಲ್ಲಿಸಿದರೆ ಕೈಗೆ ಬರುವ ಮೊತ್ತವನ್ನು ಸರೆಂಡರ್ ಮೌಲ್ಯವೆನ್ನುತ್ತೇವಷ್ಟೆ. ಇಂಗ್ಲಿಷ್ ಕಲಿಕೆಯನ್ನು ಅರ್ಧದಲ್ಲಿ ಬಿಟ್ಟು ಹೋಗುವ ಹುಡುಗನಿಗೆ ಅಂಥ ಮೌಲ್ಯವೇನಾದರೂ ದಕ್ಕುತ್ತದೆಯೆ ಎಂದು ವೆಸ್ಟ್ ಕೇಳಿದರು. ಮಾತಿಗಿಂತ ಮೊದಲು ಓದನ್ನು ಕಲಿಸಿ, ಎಲ್ಲಿ ಬಿಟ್ಟರೂ ಅಷ್ಟರಮಟ್ಟಿಗೆ ಓದಿಕೊಳ್ಳುವ ಶಕ್ತಿ ಉಳಿಯುತ್ತದೆ ಎಂಬುದು ಅವರ ವಾದ. ಇದಕ್ಕಿಂತ ಮಾನವೀಯವಾದ ಮಾತನ್ನು ಈ ಕ್ಷೇತ್ರದಲ್ಲಿ ನಾನು ಓದಿಲ್ಲ. ಹತ್ತನೆಯ ತರಗತಿಗೆ ನಿಂತು ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಕಟ್ಟೆಗೆ ಅಪ್ಪನ ಜೊತೆ ಹೋಗುವ ಹುಡುಗನಿಗೆ ಬ್ಯಾಂಕಿನ ಕಾಗದವೊಂದನ್ನು, ಕ್ರಿಮಿನಾಶಕದ ಡಬ್ಬಿಯ ಮೇಲಿನ ಸೂಚನೆಯನ್ನು ಓದಿ ತಿಳಿಯುವಷ್ಟು ಇಂಗ್ಲಿಷ್ ಕೈಯಲ್ಲಿ ಉಳಿದಿದೆಯೆ? ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಾನೆ. ಏನು ಓದಿದೆ ಎಂದರೆ ನಗುತ್ತಾನೆ.

ಸ್ವಾತಂತ್ರ್ಯದ ನಂತರ ಬಂದದ್ದು ರಚನಾ ಪದ್ಧತಿ. ಮದರಾಸು ಸೀಮೆಯಲ್ಲಿ 1950ರ ದಶಕದಲ್ಲಿ ಇದು ದೊಡ್ಡ ಆಂದೋಲನವಾಗಿ ಹಬ್ಬಿತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆಯೂ 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಹುಟ್ಟಿದವು. ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ಒಂದೊಂದನ್ನೂ ಬಾಯಲ್ಲಿ ಉರುಳಿಸಿ ಉರುಳಿಸಿ ಅಭ್ಯಾಸ ಮಾಡಿಸುವುದು ಇದರ ಕ್ರಮ. 'ದಿಸ್ ಈಸ್ ಎ ಪೆನ್, ದಟ್ ಈಸ್ ಎ ಬುಕ್.' ಕೈಯಲ್ಲಿ ಪೆನ್ನು ಹಿಡಿದವನನ್ನು ಅದೇನೆಂದು ಲೋಕದಲ್ಲಿ ಯಾರೂ ಕೇಳುವುದಿಲ್ಲ. ಆದರೂ ಎರಡು ತಲೆಮಾರಿನ ಮಕ್ಕಳು ಕೇಳದ ಪ್ರಶ್ನೆಗೆ ಉತ್ತರ ಹೇಳುತ್ತ ಬೆಳೆದರು. ಆ ಹೈದರಾಬಾದಿನ ಸಂಸ್ಥೆಗೆ ನಿರ್ದೇಶಕರಾಗಿದ್ದವರು ನಮ್ಮ ವಿ. ಕೃ. ಗೋಕಾಕರು. ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಕನ್ನಡ ಕವಿ ವಿನಾಯಕರಾಗಿ ಎರಡು ಮನೆಯ ಯಜಮಾನಿಕೆಯನ್ನೂ ನಡೆಸಿದ ಅವರ ಹೆಸರಿನ ವರದಿಯೇ 1982ರಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂಬ ಚಳವಳಿಗೆ ಬಾವುಟವಾಯಿತು. ಚಳವಳಿಯ ಕಾವಿನಲ್ಲಿ ಎರಡು ಭಾಷೆಗಳೂ ಎದುರು ಬದುರಿನ ಪಾಳೆಯಗಳೆಂಬ ಭಾವನೆ ಬೇರೂರಿತು. ಗೋಕಾಕರ ಬಾಳನ್ನು ಬಲ್ಲವರಿಗೆ ಇದು ಅಷ್ಟು ಸರಳವಾಗಿ ಕಾಣಲಾರದು.

ಇನ್ನು ನಮ್ಮ ನೆಲದಲ್ಲಿಯೇ ಹುಟ್ಟಿ ಹೊರದೇಶದ ವಿದ್ವಾಂಸರ ಪುಸ್ತಕಗಳಲ್ಲಿ ಹೆಸರು ಪಡೆದ ಒಂದು ಪ್ರಯೋಗವಿದೆ. ಅದಕ್ಕೆ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರು. ಎನ್. ಎಸ್. ಪ್ರಭು ಎಂಬವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಯ ಕೆಲವು ಸಾಮಾನ್ಯ ಶಾಲೆಗಳಲ್ಲಿ ಇದು ನಡೆಯಿತು. ವ್ಯಾಕರಣವನ್ನು ಪಾಠವಾಗಿ ಇಡಬೇಡಿ, ವಾಕ್ಯದ ಅಚ್ಚುಗಳನ್ನೂ ಇಡಬೇಡಿ. ಮಕ್ಕಳಿಗೆ ತಲೆ ಓಡಿಸಬೇಕಾದ ಒಂದು ಕೆಲಸ ಕೊಡಿ. ಅರ್ಥದ ಬೆನ್ನು ಹತ್ತಿ ಹೋದಾಗ ವ್ಯಾಕರಣ ತಾನಾಗಿ ಒಳಗೆ ಕಟ್ಟಿಕೊಳ್ಳುತ್ತದೆ—ಇದು ಪ್ರಭುಗಳ ಸಿದ್ಧಾಂತ. ರೈಲಿನ ವೇಳಾಪಟ್ಟಿ ಕೊಟ್ಟು, ಇಂಥ ಊರಿಗೆ ಇಷ್ಟು ಹೊತ್ತಿಗೆ ಮುಟ್ಟಬೇಕಾದರೆ ಯಾವ ರೈಲು ಹತ್ತಬೇಕೆಂದು ಕೇಳುವುದು, ನಕ್ಷೆ ಕೊಟ್ಟು ದಾರಿ ಕೇಳುವುದು ಅವರ ಪಾಠಗಳ ಮಾದರಿ. 1987ರಲ್ಲಿ ಅವರ ಪುಸ್ತಕ ಹೊರಬಂತು. ಅದಕ್ಕೆ ಮೊದಲೇ, 1985ರಲ್ಲಿ, ಬೆರೆಟ್ಟ ಮತ್ತು ಡೇವಿಸ್ ಎಂಬ ಪರೀಕ್ಷಕರು ಪ್ರಯೋಗವನ್ನು ತೂಗಿ ನೋಡಿ ಎಚ್ಚರದ ಮಾತುಗಳೊಡನೆ ಒಟ್ಟಿನಲ್ಲಿ ಅನುಕೂಲವಾದ ತೀರ್ಪನ್ನೇ ಕೊಟ್ಟರು.

ನಾನು ಈ ಪುಸ್ತಕವನ್ನು ಗೌರವದಿಂದ ಓದಿದವನು. ಇದುವರೆಗೆ ಹೇಳಿದ ಪದ್ಧತಿಗಳಲ್ಲಿ ಮಗುವಿನ ಬುದ್ಧಿಗೆ ಮರ್ಯಾದೆ ಕೊಟ್ಟದ್ದು ಇದೇ. ಪೆನ್ನನ್ನು ಪೆನ್ನೆಂದು ಹೇಳಿಸುವ ಬದಲು ಅದು ಲೆಕ್ಕ ಹಾಕಿಸುತ್ತದೆ, ಅನುಮಾನ ಪಡಿಸುತ್ತದೆ. ಮುಂದೆ 1990ರಲ್ಲಿ ಪ್ರಭುಗಳೇ ಅತ್ಯುತ್ತಮ ಪದ್ಧತಿ ಎಂಬುದೊಂದಿಲ್ಲ, ತನ್ನ ಪಾಠ ಹೇಗೆ ಫಲಿಸುತ್ತದೆಂಬ ಉಪಾಧ್ಯಾಯನ ಜೀವಂತ ನಂಬಿಕೆಯೇ ಮುಖ್ಯ ಎಂಬರ್ಥದ ಪ್ರಬಂಧವನ್ನು ಬರೆದರು. ತನ್ನ ಹೆಸರಿನ ಪದ್ಧತಿಯನ್ನೇ ಪಟ್ಟಕ್ಕೇರಿಸದ ಈ ಸಂಯಮ ಪಂಡಿತರಲ್ಲಿ ಅಪರೂಪ.

ಆದರೂ ಎರಡು ಮಾತುಗಳಿವೆ. ಮೊದಲನೆಯದು ಸಣ್ಣದು. ಹೊಳೆನರಸೀಪುರದಲ್ಲಿ ರೈಲು ನಿಲ್ಲುತ್ತದೆ, ಚನ್ನರಾಯಪಟ್ಟಣಕ್ಕೂ ಈಗ ರೈಲು ಬಂದಿದೆ, ಅರಕಲಗೂಡಿನಲ್ಲಿ ರೈಲಿಲ್ಲ. ಅಲ್ಲಿಯ ಹುಡುಗಿಗೆ ರೈಲಿನ ವೇಳಾಪಟ್ಟಿ ಇಂಗ್ಲಿಷಿನ ಕಷ್ಟದ ಮೇಲೆ ಇನ್ನೊಂದು ಕಷ್ಟ. ಗೊರೂರಿನ ಮೇಲೆ ಹಾಸನಕ್ಕೆ ಬರುವ ಬಸ್ಸುಗಳ ಪಟ್ಟಿಯನ್ನೋ ಹಾಸನದ ಎ.ಪಿ.ಎಂ.ಸಿ. ಯಾರ್ಡಿನ ಆಲೂಗೆಡ್ಡೆ ದರವನ್ನೋ ಕೊಟ್ಟು ನೋಡಿ. ಲೆಕ್ಕದಲ್ಲಿ ಅವಳು ಉಪಾಧ್ಯಾಯರನ್ನೇ ಸೋಲಿಸುತ್ತಾಳೆ. ಇದು ತಿದ್ದಿಕೊಳ್ಳಬಹುದಾದ ಕೊರತೆ. ಎರಡನೆಯದು ದೊಡ್ಡದು. ಪ್ರಭುಗಳ ತರಗತಿಯಲ್ಲಿ ಕನ್ನಡಕ್ಕೆ ಶಿಕ್ಷೆ ಇರಲಿಲ್ಲ, ನಿಜ, ಮಣೆಯೂ ಇರಲಿಲ್ಲ. ವ್ಯಾಕರಣ ತಾನಾಗಿ ಕಟ್ಟಿಕೊಳ್ಳುತ್ತದೆ ಎನ್ನುವಾಗ, ಮಗುವಿನ ತಲೆಯಲ್ಲಿ ಆಗಲೇ ಕಟ್ಟಿ ನಿಂತಿರುವ ಇನ್ನೊಂದು ವ್ಯಾಕರಣವಿದೆ ಎಂಬುದನ್ನು ಆ ಪುಸ್ತಕ ಹೆಚ್ಚು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಮೊದಲ ಪದ್ಧತಿಯಿಂದ ಹಿಡಿದು ಎಲ್ಲವೂ ಉಳಿಸಿಕೊಂಡ ಚಟವೆಂದೆನಲ್ಲ, ಅದು ಇದು: ಮಗು ಬರಿಗೈಯಲ್ಲಿ ಬಂದಿದೆ ಎಂದು ಭಾವಿಸುವುದು.

ಬರಿಗೈಯಲ್ಲಿ ಬಂದಿಲ್ಲವೆಂಬುದಕ್ಕೆ ಅದರ ತಪ್ಪುಗಳೇ ಸಾಕ್ಷಿ. ನಮ್ಮ ವಿದ್ಯಾರ್ಥಿಗಳು ಬರೆಯುವ ಒಂದು ವಾಕ್ಯ ಇಂಗ್ಲಿಷ್ ಅಧ್ಯಾಪಕರ ಕೆಂಪು ಶಾಯಿಯನ್ನು ಬಹಳ ಕುಡಿದಿದೆ: 'ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ಹಾಸನ್.' ಇಂಗ್ಲಿಷಿನವನು ಇದನ್ನು ಕೇಳಿ, ಹೋಗಿದ್ದ ಮೇಲೆ ಇನ್ನೇನಾಯಿತೆಂದು ಕಾಯುತ್ತಾನೆ. ಹುಡುಗ ಹೇಳಬೇಕಾದದ್ದು ಮುಗಿದಿದೆ. ಏಕೆಂದರೆ ನಾವು ಕನ್ನಡದಲ್ಲಿ 'ನಿನ್ನೆ ಹಾಸನಕ್ಕೆ ಹೋಗಿದ್ದೆ' ಎನ್ನುತ್ತೇವೆ. ಹೋಗಿ ಬಂದು ಈಗ ನಿನ್ನೆದುರಿಗೆ ನಿಂತಿದ್ದೇನೆ ಎಂಬ ಭಾವ ಆ 'ಇದ್ದೆ'ಯಲ್ಲಿದೆ. ಹುಡುಗ ಅಜ್ಞಾನದಿಂದ ತಪ್ಪಲಿಲ್ಲ. ಕನ್ನಡದ ಒಂದು ಸೂಕ್ಷ್ಮವನ್ನು ಇಂಗ್ಲಿಷಿನಲ್ಲಿ ಉಳಿಸಲು ಹೋಗಿ ತಪ್ಪಿದ. ಕೆಂಪು ಗೀಟು ಎಳೆಯುವುದರಿಂದ ಇದು ಹೋಗುವುದಿಲ್ಲ. 'ನಮ್ಮ ಹೋಗಿದ್ದೆ ಎಂಬುದಕ್ಕೆ ಅಲ್ಲಿ ಬರಿಯ ಹೋದೆ ಸಾಕು. ಹ್ಯಾಡ್ ಬೇಕಾದರೆ ಇನ್ನೊಂದು ಹಿಂದಿನ ಘಟನೆ ಪಕ್ಕದಲ್ಲಿರಬೇಕು' ಎಂದು ಕನ್ನಡದಲ್ಲಿ ಒಂದು ಮಾತು ಹೇಳಿದರೆ ಹೋಗುತ್ತದೆ.

ಇನ್ನೊಂದು: 'ನಾಳೆ ಬರುತ್ತೇನೆ ಅಂತ ಹೇಳಿದ.' ಈ 'ಅಂತ' ಎಂಬ ಪುಟ್ಟ ಪದ ನಮ್ಮ ಭಾಷೆಯ ಒಂದು ಅದ್ಭುತ. ಅದರ ಹಿಂದೆ ಆಡಿದವನ ಮಾತು ಆಡಿದ ಹಾಗೆಯೇ ನಿಂತಿರುತ್ತದೆ. 'ಬರುತ್ತೇನೆ' ಎಂದವನು ಅವನೇ ಎಂದು ಯಾರಿಗೂ ಸಂಶಯವಿಲ್ಲ. ಇಂಗ್ಲಿಷಿನ 'ದಟ್' ಅಷ್ಟು ಉದಾರಿಯಲ್ಲ. ಅದನ್ನು ದಾಟುವಾಗ 'ಐ' ಎಂಬುದು 'ಹಿ' ಆಗಬೇಕು, 'ವಿಲ್' 'ವುಡ್' ಆಗಬೇಕು, ನಾಳೆ ಮರುದಿನವಾಗಬೇಕು. ಗಡಿಯ ಚೌಕಿಯಲ್ಲಿ ಪ್ರತಿಯೊಬ್ಬನ ಚೀಟಿಯನ್ನೂ ಬದಲಾಯಿಸಿದ ಹಾಗೆ. ನಮ್ಮ ಹುಡುಗ 'ಹಿ ಸೆಡ್ ದಟ್ ಐ ವಿಲ್ ಕಮ್' ಎಂದು ಬರೆದು ತಾನೇ ಬರುವವನಾಗಿಬಿಡುತ್ತಾನೆ. ಇದಕ್ಕೆ ಗೈಡುಗಳಲ್ಲಿ ಎರಡು ಪುಟದ ಕೋಷ್ಟಕಗಳಿವೆ. ಕೋಷ್ಟಕವನ್ನು ಉರು ಹೊಡೆದವನು ಪರೀಕ್ಷೆಯಲ್ಲಿ ಪಾಸಾಗಿ ಮಾತಿನಲ್ಲಿ ಮತ್ತೆ ಅದನ್ನೇ ಹೇಳುತ್ತಾನೆ. 'ಅಂತ' ಎಂಬುದು ಏನು ಮಾಡುತ್ತಿತ್ತೆಂದು ಅವನಿಗೆ ಯಾರೂ ಹೇಳಲಿಲ್ಲವಲ್ಲ!

ಮೂರನೆಯದು ಎಲ್ಲಕ್ಕಿಂತ ದೊಡ್ಡ ತೊಡಕು; ಪಿ.ಯು. ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಮಕ್ಕಳು ಮುಗ್ಗರಿಸುವುದು ಇಲ್ಲಿಯೇ. 'ನಿನ್ನೆ ಸಂತೆಯಲ್ಲಿ ನಮ್ಮಪ್ಪ ಕೊಂಡ ಹಸು' ಎನ್ನುತ್ತೇವೆ. ಹಸುವಿನ ವಿಷಯವೆಲ್ಲ ಹಸುವಿಗಿಂತ ಮುಂದೆ ನಡೆದು, ಹಸು ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಹಸು ಮೊದಲು ಬಂದು, 'ದಟ್' ಎಂಬ ಹಗ್ಗ ಹಿಡಿದು ಅದರ ವಿಷಯವೆಲ್ಲ ಹಿಂದೆ ಬರುತ್ತದೆ. ಅಪ್ಪ, ಸಂತೆ, ನಿನ್ನೆ—ಎಲ್ಲ ತಲೆಕೆಳಗು. ಮೂರು ಸಾಲಿನ ವೈಜ್ಞಾನಿಕ ವಾಕ್ಯದಲ್ಲಿ ಇಂಥ ನಾಲ್ಕು ಹಗ್ಗಗಳಿರುತ್ತವೆ. ಪ್ರತಿಯೊಂದು ಪದದ ಅರ್ಥ ಗೊತ್ತಿದ್ದ ಹುಡುಗಿಗೂ ಯಾವ ಹಗ್ಗ ಯಾವ ಹಸುವಿನದು ಎಂದು ತಿಳಿಯದೆ ಹೋಗುತ್ತದೆ. ಇಂಗ್ಲಿಷ್ ವಾಕ್ಯವನ್ನು ಬಾಲದಿಂದ ಹಿಡಿದು ಮೇಲಕ್ಕೆ ಬಂದರೆ ಕನ್ನಡ ವಾಕ್ಯ ಸಿಕ್ಕುತ್ತದೆ ಎಂಬ ಯುಕ್ತಿಯನ್ನು ಹೊಳೆನರಸೀಪುರದ ಕಡೆಯ ಒಬ್ಬ ನಿವೃತ್ತ ಉಪಾಧ್ಯಾಯರು ಹಳ್ಳಿಯ ಮಕ್ಕಳಿಗೆ ಹೇಳಿಕೊಡುವುದನ್ನು ನಾನು ಕಂಡಿದ್ದೇನೆ. ಅವರು ಯಾವ ಪದ್ಧತಿಯ ಹೆಸರನ್ನೂ ಹೇಳುವವರಲ್ಲ. ಸೀಮೆಸುಣ್ಣದಲ್ಲಿ ವಾಕ್ಯ ಬರೆದು ಕೆಳಗಡೆ ಬಾಣ ಎಳೆಯುತ್ತಾರೆ, ಬಲದಿಂದ ಎಡಕ್ಕೆ. ಒಂದು ವಾರದಲ್ಲಿ ಮಕ್ಕಳು ಬಾಣವಿಲ್ಲದೆ ಓದುತ್ತಾರೆ.

ಉಚ್ಚಾರಣೆಯದು ಸಣ್ಣ ವಿಷಯವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಮಕ್ಕಳ ಬಾಯಿ ಮುಚ್ಚಿಸುವುದು ಮೊದಲು ಅದೇ. ನಮ್ಮ ಕಡೆಯ ಹಳ್ಳಿಗಳಲ್ಲಿ ಹಕಾರ ಉದುರುತ್ತದೆ, ಹಾಸನವೇ 'ಆಸನ'ವಾಗುತ್ತದೆ. 'ಔಸ್' ಎಂದ ಹುಡುಗನನ್ನು ನೋಡಿ ಪೇಟೆಯ ಹುಡುಗರು ನಗುತ್ತಾರೆ. ಈ ಅಪರಾಧದಲ್ಲಿ ಇಂಗ್ಲಿಷಿನವರಿಗಿಂತ ಕನ್ನಡ ಉಪಾಧ್ಯಾಯರ ಪಾಲು ಹೆಚ್ಚೆಂದೇ ಹೇಳಬೇಕು; ಹಕಾರವಿಲ್ಲದ ಕನ್ನಡವನ್ನು ಕೊಳಕೆಂದು ಮೊದಲು ಸಾರಿದವರು ಅವರು. 'ಅಕ್ಕಿ'ಗೂ 'ಹಕ್ಕಿ'ಗೂ, 'ಆಡು'ವಿಗೂ 'ಹಾಡು'ವಿಗೂ ಇರುವ ವ್ಯತ್ಯಾಸವನ್ನು ಆಟದಂತೆ ಆಡಿಸಿ, ಅದೇ ಉಸಿರಿನಲ್ಲಿ 'ಇಟ್', 'ಹಿಟ್' ಎಂದರೆ ಎರಡು ಭಾಷೆಯ ಪಾಠವೂ ಒಂದೇ ಹತ್ತು ನಿಮಿಷದಲ್ಲಿ ಆಗುತ್ತದೆ. ಆದರೆ ನಮ್ಮ ಶಾಲೆಗಳಲ್ಲಿ ಕನ್ನಡ ಉಪಾಧ್ಯಾಯರೂ ಇಂಗ್ಲಿಷ್ ಉಪಾಧ್ಯಾಯರೂ ಸ್ಟಾಫ್ ರೂಮಿನಲ್ಲಿ ಚಹಾ ಹಂಚಿಕೊಳ್ಳುತ್ತಾರೆಯೇ ಹೊರತು ಪಾಠ ಹಂಚಿಕೊಳ್ಳುವುದಿಲ್ಲ.

ಇದೆಲ್ಲ ಇಂಗ್ಲಿಷನ್ನು ಕನ್ನಡದ ಅಂಗಿ ತೊಡಿಸಿ ಕೆಡಿಸುವ ಹುನ್ನಾರವೆಂದು ಹೇಳುವವರಿಗೆ ಹಾಸನವೇ ಒಂದು ಉತ್ತರವನ್ನು ಕೊಟ್ಟಿದೆ. 1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾ ರಾಯರು 1938ರಲ್ಲಿ ಇಂಗ್ಲಿಷಿನಲ್ಲಿ 'ಕಾಂತಾಪುರ' ಕಾದಂಬರಿಯನ್ನು ಪ್ರಕಟಿಸಿದರು. ಅವರು ಇಂಗ್ಲಿಷ್ ಕಲಿತದ್ದು ಹಾಸನದಲ್ಲಲ್ಲ. ಹೈದರಾಬಾದು, ಅಲಿಗಢಗಳಲ್ಲಿ ಓದಿ ಫ್ರಾನ್ಸಿಗೆ ಹೋದವರು. ಆದರೆ ಆ ಕಾದಂಬರಿಯನ್ನು ಹೇಳುವವಳು ಅಚ್ಚಕ್ಕನೆಂಬ ಮುದುಕಿ. ಅದರ ಹೊಳೆ ಹಿಮವತಿ, ಅದರ ದೇವತೆ ಕೆಂಚಮ್ಮ. ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯನ್ನು ಬಲ್ಲ ನಮ್ಮವರಿಗೆ ಇದರ ನೆಂಟಸ್ತಿಕೆ ಹೇಳಬೇಕಾಗಿಲ್ಲ. 'ಮತ್ತೆ', 'ಆಮೇಲೆ' ಎಂದು ಉಸಿರು ನಿಲ್ಲಿಸದೆ ಹರಿಯುವ ಅಜ್ಜಿಯ ಕನ್ನಡ ಕಥನದ ಓಟವನ್ನು ರಾಯರು ಇಂಗ್ಲಿಷಿನ ಹೊಟ್ಟೆಯೊಳಕ್ಕೆ ಇಳಿಸಿದರು. ನಮ್ಮದಲ್ಲದ ಭಾಷೆಯಲ್ಲಿ ನಮ್ಮ ಜೀವವನ್ನು ತರುವ ಕಷ್ಟವನ್ನು ಕಾದಂಬರಿಯ ಮುನ್ನುಡಿಯಲ್ಲಿ ಅವರೇ ಚರ್ಚಿಸಿದ್ದಾರೆ. ಇಂಡಿಯದ ಇಂಗ್ಲಿಷ್ ಬರವಣಿಗೆಯ ವಿಷಯದಲ್ಲಿ ಆ ಮುನ್ನುಡಿಯನ್ನು ಉಲ್ಲೇಖಿಸದೆ ಮುಂದೆ ಹೋಗುವ ಪ್ರಾಧ್ಯಾಪಕರಿಲ್ಲ. ಕಾಲೇಜಿನಲ್ಲಿ ರಾಜಾ ರಾಯರ ಶೈಲಿಗೆ ತಲೆದೂಗಿಸಿ, ಅದೇ ಕಾರಿಡಾರಿನ ಕೊನೆಯ ಕೋಣೆಯಲ್ಲಿ ಕನ್ನಡದ ಸದ್ದು ಕೇಳಿದರೆ ಹುಬ್ಬು ಗಂಟಿಕ್ಕುವುದು ಎಲ್ಲಿಯ ನ್ಯಾಯ? ಹುಡುಗನ 'ಹ್ಯಾಡ್ ಗಾನ್' ಕಲೆ ಎಂದು ನಾನು ಹೇಳುತ್ತಿಲ್ಲ. ಕನ್ನಡವನ್ನು ಅರಿತು ಬಳಸಿದರೆ ಶೈಲಿ, ಅರಿಯದೆ ಬಳಸಿದರೆ ತಪ್ಪು. ಆ ಅರಿವನ್ನು ಕೊಡಬೇಕಾದದ್ದು ಪಾಠದ ಕೆಲಸ.

ಇದೇ ಮಾತಿನ ಇನ್ನೊಂದು ಮಗ್ಗುಲು ಬಿ. ಎಂ. ಶ್ರೀಕಂಠಯ್ಯನವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಅಧ್ಯಾಪಕರು. 1911ರಲ್ಲಿ ಧಾರವಾಡದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದವರೂ ಅವರೇ, 1926ರಲ್ಲಿ 'ಇಂಗ್ಲಿಷ್ ಗೀತಗಳು' ಎಂಬ ಪುಸ್ತಕವನ್ನು ಕೊಟ್ಟವರೂ ಅವರೇ. ಸಾಹಿತ್ಯ ಚರಿತ್ರೆಯಲ್ಲಿ ಆ ಪುಸ್ತಕವನ್ನು ನವೋದಯದ ಹೆಬ್ಬಾಗಿಲೆಂದು ಬರೆಯುತ್ತೇವೆ. ಅದನ್ನು ಇಂಗ್ಲಿಷ್ ಬೋಧನೆಯ ಪುಸ್ತಕವಾಗಿ ಓದಿದವರು ಕಡಮೆ. ಒಂದು ಇಂಗ್ಲಿಷ್ ಪದ್ಯವನ್ನು ಕನ್ನಡದಲ್ಲಿ ಮತ್ತೆ ಕಟ್ಟಬೇಕಾದರೆ ಅದರ ಒಂದೊಂದು ಕೀಲನ್ನೂ ಬಿಚ್ಚಿ ನೋಡಬೇಕು. ಅರ್ಥ ಬರೆಸುವ ಮೇಷ್ಟರ ಎಡ ಬಲದ ಪಟ್ಟಿಯಿಂದ ಆ ಕೆಲಸ ಆಗುವಂಥದಲ್ಲ. ಇಂಗ್ಲಿಷನ್ನು ಅಷ್ಟು ಆಳವಾಗಿ ಓದುವ ಬೇರೆ ಉಪಾಯ ನನಗೆ ಗೊತ್ತಿಲ್ಲ. ಭಾಷಾಂತರ ಇಂಗ್ಲಿಷ್ ಕಲಿಕೆಗೆ ಶತ್ರುವೆಂದು ಒಂದು ಶತಮಾನ ನಂಬಿದ್ದ ಪಾಶ್ಚಾತ್ಯ ವಿದ್ವಾಂಸರೂ ಈಚೆಗೆ ಮೆತ್ತಗಾಗಿದ್ದಾರೆ. ಮನೆಯಲ್ಲಿ ವೆಲ್ಷ್ ಭಾಷೆಯಿರುವ ವೇಲ್ಸಿನಲ್ಲಿ ಕೆಲಸ ಮಾಡಿದ ಡಾಡ್ಸನ್ ಎಂಬವರು 1967ರಲ್ಲಿಯೇ ದ್ವಿಭಾಷಾ ಪದ್ಧತಿಯನ್ನು ಮುಂದಿಟ್ಟರು: ಪದಕ್ಕೆ ಪದವಲ್ಲ, ಇಡಿಯ ವಾಕ್ಯಕ್ಕೆ ತಾಯ್ನುಡಿಯ ಇಡಿಯ ವಾಕ್ಯ. 2010ರಲ್ಲಿ ಗೈ ಕುಕ್ ಭಾಷಾಂತರವನ್ನು ತರಗತಿಗೆ ಮತ್ತೆ ಕರೆತರಬೇಕೆಂದು ಒಂದು ಪುಸ್ತಕವನ್ನೇ ಬರೆದರು. ನಾವು ಹೊರಕ್ಕೆ ದಬ್ಬಿದ್ದನ್ನು ಅವರು ಹಾರ ಹಾಕಿ ಕರೆಯುತ್ತಿದ್ದಾರೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸದೆ ಹೋಗುವುದು ಪ್ರಾಮಾಣಿಕವಾಗಲಾರದು. ಪದ್ಧತಿಯ ಗೊಡವೆ ಏಕೆ, ಒಂದನೆಯ ತರಗತಿಯಿಂದ ಎಲ್ಲವನ್ನೂ ಇಂಗ್ಲಿಷಿನಲ್ಲಿಯೇ ಕಲಿಸಿಬಿಡಿ ಎಂದು ತಂದೆತಾಯಿಗಳು ಹೇಳುತ್ತಾರೆ. ತಾಯ್ನುಡಿಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿದೆ. 2007–08ರಿಂದ ಕನ್ನಡ ಶಾಲೆಗಳಲ್ಲೂ ಒಂದನೆಯ ತರಗತಿಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. 2019ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೂ ತೆರೆಯಲಾಯಿತು. ಈ ಬೇಡಿಕೆಯನ್ನು ಕನ್ನಡದ್ರೋಹವೆಂದು ಹಳಿಯುವ ಧೈರ್ಯ ನನಗಿಲ್ಲ. ಹಾಗೆ ಹಳಿಯುವ ನಮ್ಮಂಥ ಪೇಟೆಯ ಓದುಬಲ್ಲವರಲ್ಲಿ, ಈ ಪುರವಣಿಯ ವಾಚಕರಲ್ಲಿ, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದವರು ಕೈ ಎತ್ತಿದರೆ ಎಣಿಸಲು ಹೆಚ್ಚು ಹೊತ್ತು ಬೇಕಾಗದು. ಕೂಲಿ ಮಾಡುವ ತಾಯಿ ತನ್ನ ಮಗಳಿಗೂ ಆ ಬಾಗಿಲು ತೆರೆಯಲಿ ಎಂದರೆ ಅದರಲ್ಲಿ ಅನ್ಯಾಯವೇನಿದೆ?

ಆದರೆ ಬಾಗಿಲು ತೆರೆಯುತ್ತದೆಯೆ ಎಂಬುದು ಬೇರೆಯ ಪ್ರಶ್ನೆ. ಮನೆಯಲ್ಲಿ, ಬೀದಿಯಲ್ಲಿ, ಹೊಲದಲ್ಲಿ ಇಂಗ್ಲಿಷಿನ ಒಂದು ಮಾತೂ ಕಿವಿಗೆ ಬೀಳದ ಮಗುವಿಗೆ, ತಾನೇ ಇಂಗ್ಲಿಷಿನಲ್ಲಿ ತಡವರಿಸುವ ಉಪಾಧ್ಯಾಯಿನಿ ಇಂಗ್ಲಿಷಿನಲ್ಲಿ ಪರಿಸರ ವಿಜ್ಞಾನ ಹೇಳಿದರೆ ಉಳಿಯುವುದು ಕಂಠಪಾಠ. ಊರೂರಿಗೆ ಹಳದಿ ವ್ಯಾನುಗಳನ್ನು ಕಳಿಸುವ ಶಾಲೆಗಳಿಂದ ಬಂದ ಮಕ್ಕಳನ್ನೂ ನಾನು ಕನ್ನಡ ತರಗತಿಯಲ್ಲಿ ನೋಡುತ್ತೇನೆ. ಅವರಿಗೆ ಇಂಗ್ಲಿಷಿನಲ್ಲಿ ಉತ್ತರಗಳು ಬರುತ್ತವೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಬರುವುದಿಲ್ಲ. ಕನ್ನಡದಲ್ಲಿ ಹೇಳು ಎಂದರೆ ಹೇಳಲು ಪದಗಳಿಲ್ಲ. ಎರಡು ದಡಗಳ ನಡುವೆ ನಿಂತ ಈ ಮಕ್ಕಳಿಗೆ ಹೋಲಿಸಿದರೆ 'ಹ್ಯಾಡ್ ಗಾನ್' ಎಂದು ಬರೆಯುವ ಹುಡುಗ ಪುಣ್ಯವಂತ. ಅವನಿಗೆ ನಿಲ್ಲಲು ಒಂದು ದಡವಿದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೆಶಿವರದಲ್ಲಿ 1931ರಲ್ಲಿ ಹುಟ್ಟಿ, ಕಡುಬಡತನದಲ್ಲಿ ಓದಿ, ಬರೋಡೆಯಲ್ಲಿ ತತ್ತ್ವಶಾಸ್ತ್ರದ ಸಂಶೋಧನೆ ಮಾಡಿ, ದೆಹಲಿಯಲ್ಲಿ ಪಾಠ ಹೇಳಿ, ಕನ್ನಡದಲ್ಲಿಯೇ ಕಾದಂಬರಿ ಬರೆದ ಎಸ್. ಎಲ್. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ಪ್ರತಿಭೆಯನ್ನು ಎಲ್ಲರ ಅಳತೆಗೋಲಾಗಿ ಹಿಡಿಯುವುದು ಸಲ್ಲದು. ಆದರೆ ಹಳ್ಳಿಯ ಕನ್ನಡದ ಮೇಲೆ ಗಟ್ಟಿಯಾಗಿ ನಿಂತವನಿಗೆ ಇಂಗ್ಲಿಷ್ ದೂರದ್ದಲ್ಲ ಎಂಬುದಕ್ಕೆ ಅಷ್ಟು ಹತ್ತಿರದ ಸಾಕ್ಷಿಯಿದ್ದೂ ನಮ್ಮವರು ಹಲಗೆಯ ಮೂವತ್ತು ದಿನಗಳನ್ನು ನಂಬುತ್ತಾರೆ.

ಹಾಗಾದರೆ ಮಾಡಬೇಕಾದದ್ದೇನು ಎಂದರೆ, ಹೊಸ ಪದ್ಧತಿಯೊಂದನ್ನು ಹೂಡುವ ಆಸೆ ನನಗಿಲ್ಲ. ಮಗುವಿಗೆ ಆಗಲೇ ಗೊತ್ತಿರುವುದನ್ನು ಇಂಗ್ಲಿಷಿನಲ್ಲಿ ಓದಲು ಕೊಡಿ ಎಂದಷ್ಟೇ ಹೇಳುತ್ತೇನೆ. ಪುಣ್ಯಕೋಟಿಯ ಕಥೆ ಅರಿಯದ ಮಗು ನಮ್ಮಲ್ಲಿಲ್ಲ. ಹುಲಿ ಏನೆನ್ನುತ್ತದೆ, ಹಸು ಏನೆನ್ನುತ್ತದೆ ಎಂದು ಅದಕ್ಕೆ ಮೊದಲೇ ಗೊತ್ತು. ಅದನ್ನು ಇಂಗ್ಲಿಷಿನಲ್ಲಿ ಕಂಡಾಗ ಅದರ ಶಕ್ತಿಯೆಲ್ಲ ವಾಕ್ಯದ ಮೇಲೆ ಬೀಳುತ್ತದೆ. ದೊಡ್ಡ ತರಗತಿಗಳಿಗೆ ವಚನಗಳಿವೆ. ಎ. ಕೆ. ರಾಮಾನುಜನ್ 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಕನ್ನಡ ತರಗತಿಯಲ್ಲಿ ಅಕ್ಕನ ಒಂದು ವಚನವನ್ನು ಓದಿ, ಮುಂದಿನ ಪೀರಿಯಡ್ಡಿನಲ್ಲಿ ರಾಮಾನುಜನ್ನರ ಇಂಗ್ಲಿಷಿನಲ್ಲಿ ಅದನ್ನೇ ಓದಿಸಿದರೆ, ಎಲ್ಲಿ ಅನುವಾದಕ ಗೆದ್ದ, ಎಲ್ಲಿ ಸೋತ ಎಂದು ಹುಡುಗರು ಜಗಳವಾಡುತ್ತಾರೆ. ಇಂಗ್ಲಿಷಿನ ವಿಷಯದಲ್ಲಿ ನಮ್ಮ ಹುಡುಗರು ಜಗಳವಾಡುವುದನ್ನು ನಾನು ಕಂಡದ್ದು ಅಂಥ ಸಂದರ್ಭದಲ್ಲಿ ಮಾತ್ರ. ಉಪಾಧ್ಯಾಯರಾಗುವವರಿಗೆ ಕನ್ನಡದ ವಾಕ್ಯರಚನೆಯ ಪಾಠವೂ ಬೇಕು. ಕೇಶಿರಾಜನ ಸೂತ್ರಗಳಲ್ಲ, ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸುತ್ತ ತೋರಿಸಿಕೊಟ್ಟಂಥ, ನಾವು ಆಡುವ ಮಾತಿನ ಕಟ್ಟಡ.

ಇವೆಲ್ಲಕ್ಕೂ ಅಡ್ಡವಾಗಿ ನಿಂತಿರುವುದು ಹಣವೂ ಅಲ್ಲ, ಪಂಡಿತರೂ ಅಲ್ಲ, ಪ್ರಶ್ನೆಪತ್ರಿಕೆ. ಹತ್ತನೆಯ ತರಗತಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಪದ್ಯದ ಸಾಲುಗಳನ್ನು ಕಂಠಪಾಠದಿಂದ ಬರೆದವರಿಗೆ ಅಂಕವಿದೆ. ಕಾಣದ ನಾಲ್ಕು ಸಾಲಿನ ಇಂಗ್ಲಿಷನ್ನು ಓದಿ ತನ್ನ ಕನ್ನಡದಲ್ಲಿ ಬರೆದವರಿಗೆ, ತನ್ನ ಕನ್ನಡದ ನಾಲ್ಕು ಮಾತನ್ನು ಇಂಗ್ಲಿಷಿನಲ್ಲಿ ಕಟ್ಟಿದವರಿಗೆ ಅಂಕವಿಲ್ಲ. ಅಂಕವಿಲ್ಲದ್ದನ್ನು ನಮ್ಮ ಉಪಾಧ್ಯಾಯರು ಕಲಿಸುವುದಿಲ್ಲ; ಅವರ ಶಾಲೆಯನ್ನು ಅಳೆಯುವುದು ಫಲಿತಾಂಶದ ಶೇಕಡದಿಂದಲೇ ಆದ್ದರಿಂದ ಅವರನ್ನು ದೂರುವಂತೆಯೂ ಇಲ್ಲ. ಕಂಠಪಾಠದ ಆ ಕೆಲವು ಅಂಕಗಳನ್ನು ಒಂದು ವರ್ಷದ ಮಟ್ಟಿಗೆ ಅನುವಾದಕ್ಕೆ ವರ್ಗಾಯಿಸಲಿ. ಹೊಳೆನರಸೀಪುರದ ಆ ನಿವೃತ್ತ ಮೇಷ್ಟರ ಬಾಣ ಅದೇ ವರ್ಷ ಜಿಲ್ಲೆಯ ಎಲ್ಲ ಹಲಗೆಗಳ ಮೇಲೂ ಕಾಣಿಸಿಕೊಂಡೀತು, ಗೈಡುಗಳಲ್ಲಿ ಕೂಡ.